ಮೊಳೆಯ ಮೊದಲ ಠಾಣೆ

ನಾನು ಹಾಸಿಗೆ ಮಾರುವವನು. ಜನರನ್ನು ಹಾಡುಹಗಲೇ ಮಲಗಿಸುವುದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ. ಬಂದವರನ್ನು "ಮಲಗಿ ನೋಡಿ ಸಾರ್, ಸಂಕೋಚ ಬೇಡ" ಎಂದು ಉರುಳಿಸಿ, ಅವರ ಬೆನ್ನಿಗೆ ಅವರಿಗೇ ಗೊತ್ತಿಲ್ಲದ ನೋವೊಂದಿದೆ ಎಂದು ನಂಬಿಸಿ, ದುಬಾರಿ ಸ್ಪ್ರಿಂಗಿನ ಕಡೆಗೆ ಕರೆದೊಯ್ಯುವುದು ನನ್ನ ಕೆಲಸ. ಓದು ಮುಗಿದ ಮೇಲೆ ಸಿಕ್ಕ ಮೊದಲ ನೌಕರಿ. ಒಳ್ಳೆಯದು ಸಿಗುವ ತನಕ ಇರಲಿ ಎಂದು ಸೇರಿದೆ. ಒಳ್ಳೆಯದು ದಾರಿಯಲ್ಲೆಲ್ಲೋ ನನ್ನ ವಿಳಾಸ ಕಳೆದುಕೊಂಡಿರಬೇಕು.

ಇಷ್ಟನ್ನು ಹೇಳಿದ್ದು ಯಾಕೆಂದರೆ, ಮೊದಲ ನೌಕರಿಯ ವಿಷಯದಲ್ಲಿ ನನ್ನ ಬುದ್ಧಿವಾದ ಎಷ್ಟು ಬೆಲೆಬಾಳುತ್ತದೆ ಎಂದು ನಿಮಗೆ ಮೊದಲೇ ತಿಳಿದಿರಲಿ ಅಂತ. ಇನ್ನು ಮುಂದಿನದೆಲ್ಲ ನನ್ನ ಅಕ್ಕನ ಕತೆ.

ಅಕ್ಕನಿಗೆ ಮನೆಯಲ್ಲೂ ಬೀದಿಯಲ್ಲೂ ಮೊಳೆ ಎಂದೇ ಹೆಸರು. ಚಿಕ್ಕವಳಿದ್ದಾಗ ಎಲ್ಲಿ ನಿಂತಳೋ ಅಲ್ಲಿಂದ ಕೀಳಲು ಇಬ್ಬರು ಬೇಕಾಗುತ್ತಿದ್ದರಂತೆ. ದೊಡ್ಡವಳಾದ ಮೇಲೆ ಕೀಳುವ ಪ್ರಯತ್ನವನ್ನೇ ಎಲ್ಲರೂ ಬಿಟ್ಟರು. ಅವಳು ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಶಾಪಿಂಗ್ ಕಾಂಪ್ಲೆಕ್ಸಿನ ಬಾಗಿಲಲ್ಲಿ, ಭದ್ರತಾ ಸಿಬ್ಬಂದಿಯಾಗಿ. ಬರುವ ಹೆಂಗಸರ ಚೀಲ ತಡವುವುದು, ಹೋಗುವವರ ರಸೀದಿಗೆ ತೂತು ಹಾಕುವುದು, ದಿನವಿಡೀ ನಿಂತೇ ಇರುವುದು. ಪೊಲೀಸ್ ಆಗಬೇಕೆಂಬ ಹಟ ಅವಳಿಗೆ ಯಾವಾಗ ಹತ್ತಿತೋ ಯಾರಿಗೂ ಗೊತ್ತಿಲ್ಲ. ಅಂಗಡಿಗಳು ತೆರೆಯುವ ಮುಂಚೆ, ಕಾರುಗಳಿಲ್ಲದ ಪಾರ್ಕಿಂಗ್ ಮಹಡಿಗಳ ಇಳಿಜಾರಿನಲ್ಲಿ ಮೇಲೂ ಕೆಳಗೂ ಓಡುತ್ತಿದ್ದಳು. ಒಮ್ಮೆ ನಾನೂ ಜೊತೆಗೆ ಹೋದೆ. ಮೊದಲ ಮಹಡಿಯಲ್ಲೇ ಒಂದು ಕಂಬವನ್ನು ತಬ್ಬಿಕೊಂಡು ನಿಂತೆ. "ಕಂಬ ಬಿದ್ದುಹೋಗಲ್ಲ ಕಣೋ, ಬಿಡು ಅದನ್ನ" ಎಂದು ಅವಳು ಕೂಗಿದ್ದು ಕೇಳಿಸಿತು, ಎರಡು ಮಹಡಿ ಮೇಲಿನಿಂದ.

ಅವಳು ಎರಡು ಕಡೆ ಪರೀಕ್ಷೆ ಬರೆದಿದ್ದಳು. ಒಂದು ನಮ್ಮ ಮಹಾನಗರದ ಪೊಲೀಸ್ ಇಲಾಖೆ. ಇನ್ನೊಂದು, ಬಸ್ಸಿನಲ್ಲಿ ಅರ್ಧ ದಿನ ಕೂತರೆ ಸಿಗುವ ಸಣ್ಣ ಊರು, ಅದಕ್ಕೆ ತನ್ನದೇ ಆದ ಪುಟ್ಟ ಪೊಲೀಸ್ ದಳ. ನಗರದವರು ಅವಳನ್ನು ಕಾಯುವವರ ಸಾಲಿನಲ್ಲಿ ನಿಲ್ಲಿಸಿದರು. ಸಣ್ಣ ಊರಿನವರು ಮಾತ್ರ ಒಂದು ಮಂಗಳವಾರ ಫೋನ್ ಮಾಡಿ, "ಬನ್ನಿ, ಕೆಲಸ ಇದೆ. ಸೋಮವಾರದೊಳಗೆ ಹೇಳಿ. ಸೇರಿದ ಮೇಲೆ ಮೂರು ವರ್ಷ ಬಿಟ್ಟು ಹೋಗೋ ಹಾಗಿಲ್ಲ" ಎಂದರು.

ಅದೇ ವಾರ ಕಾಂಪ್ಲೆಕ್ಸಿನವರಿಗೂ ಅವಳ ಬೆಲೆ ಇದ್ದಕ್ಕಿದ್ದಂತೆ ತಿಳಿಯಿತು. ಇಡೀ ಕಟ್ಟಡದ ಭದ್ರತೆಗೆ ಮೇಲ್ವಿಚಾರಕಿ ಮಾಡುತ್ತೇವೆ, ಕುರ್ಚಿ ಕೊಡುತ್ತೇವೆ, ಎಸಿ ಕೋಣೆ ಕೊಡುತ್ತೇವೆ ಎಂದರು. ಅವರು ಹೇಳಿದ ಸಂಬಳದ ಮುಂದೆ ಸಣ್ಣ ಊರಿನವರ ಸಂಬಳ ತಲೆ ತಗ್ಗಿಸಿ ನಿಲ್ಲಬೇಕಿತ್ತು.

ಸಂಜೆ ಮನೆಯಲ್ಲಿ ಸಭೆ ಸೇರಿತು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವೆಲ್ಲ ಬಿಳಿ ಬಟ್ಟೆ ಮಡಚಿ ಬಂದು, ಮನೆಯಲ್ಲಿ ಬಣ್ಣದ ಬಟ್ಟೆ ಮಡಚುತ್ತಿದ್ದಳು. ಅಪ್ಪ ದೂರದೂರಿಗೆ ಲಾರಿ ಓಡಿಸುವವನು. ನಮ್ಮ ಮನೆಯ ದೊಡ್ಡ ತೀರ್ಮಾನಗಳಲ್ಲಿ ಅವನ ಪಾಲು ಫೋನಿನಲ್ಲಿ ಒಂದು "ಹೂಂ". ಆ ಕೊರತೆಯನ್ನು ತುಂಬಲು ಅಮ್ಮನ ತಮ್ಮ, ಅಂದರೆ ನಮ್ಮ ಮಾವ, ಕರೆಯದೆಯೇ ಬಂದಿದ್ದ. ಅವನು ವಿಮೆ ಮಾರುತ್ತಾನೆ. ಎದುರಿಗೆ ಕೂತವರು ಯಾವಾಗ ಸಾಯಬಹುದು ಎಂದು ಲೆಕ್ಕ ಹಾಕುತ್ತಲೇ ಆರೋಗ್ಯ ವಿಚಾರಿಸುವ ಕಲೆ ಅವನಿಗೆ ಸಿದ್ಧಿಸಿದೆ.

"ಮೂರು ವರ್ಷ ಕಣಮ್ಮ!" ಎಂದ ಮಾವ. "ನಗರದವರು ಇವತ್ತಲ್ಲ ನಾಳೆ ಕರೀತಾರೆ. ಅವರ ಜೀಪು ನೋಡಿದ್ದೀಯಾ? ಬಡ್ತಿ, ಕ್ವಾರ್ಟರ್ಸು, ಪಿಂಚಣಿ! ಆ ಊರಲ್ಲಿ ಏನಿದೆ? ಕಳ್ಳರೂ ಬೇರೆ ಊರಿಂದ ಬರಬೇಕು."

"ಎರಡೂ ಬೇಡ," ಎಂದಳು ಅಮ್ಮ. "ಕಾಂಪ್ಲೆಕ್ಸಲ್ಲೇ ಇರಲಿ. ಕೂತ್ಕೊಂಡು ಮಾಡೋ ಕೆಲಸ. ನಿಂತು ನಿಂತು ಕಾಲು ನೋಡು ಹೇಗಾಗಿದೆ."

"ನೀನೇನೋ ಹೇಳೋದು?" ಎಂದು ಮಾವ ನನ್ನ ಕಡೆ ತಿರುಗಿದ.

"ಒಳ್ಳೇದು ಬರೋ ತನಕ ಕಾಯೋದು ಒಳ್ಳೇದು," ಎಂದೆ.

"ಯಾರು ಹೇಳ್ತಿದ್ದಾರೆ ನೋಡ್ರಪ್ಪ," ಎಂದಳು ಅಕ್ಕ. ಅಷ್ಟು ಬಿಟ್ಟರೆ ಆ ಸಭೆಯಲ್ಲಿ ಅವಳು ಬಾಯಿ ಬಿಟ್ಟದ್ದು ಇನ್ನೊಂದೇ ಸಲ: "ನಾಳೆ ಹೋಗಿ ಆ ಠಾಣೆ ನೋಡ್ಕೊಂಡು ಬರ್ತೀನಿ. ಆಮೇಲೆ ಹೇಳ್ತೀನಿ."

ಅಮ್ಮ ನನ್ನನ್ನು ಕಾವಲಿಗೆ ಕಳುಹಿಸಿದಳು. ಭದ್ರತಾ ಸಿಬ್ಬಂದಿಗೆ ಹಾಸಿಗೆಯವನ ಭದ್ರತೆ.

ಠಾಣೆ ಅಂಚೆ ಕಚೇರಿಯ ಪಕ್ಕದ ಒಂದಂತಸ್ತಿನ ಕಟ್ಟಡ. ಒಳಗೆ ನಾಲ್ಕು ಮೇಜು, ಒಂದು ಉದ್ದನೆಯ ಬೆಂಚು, ಗೋಡೆಗೆ ಒರಗಿಸಿಟ್ಟ ಸೈಕಲ್ಲು. ನಮ್ಮನ್ನು ಎದುರುಗೊಂಡವರು ಹಿರಿಯ ಪೇದೆ: ದಪ್ಪ ಕನ್ನಡಕ, ಮೊಣಕಾಲು ನೋವಿನ ನಡಿಗೆ, ಹೆಗಲಿಗೆ ಬಟ್ಟೆಯ ಚೀಲ. ಚೀಲದ ತುಂಬ ಬೀಗಗಳು.

"ಇವತ್ತು ನಮ್ಮೂರಲ್ಲಿ ಮಧ್ಯಾಹ್ನದ ಮೇಲೆ ಅಂಗಡಿ ರಜ," ಎಂದರು. "ರಜದ ದಿನ ಬೀದಿ ಸುತ್ತಿ ಒಂದೊಂದು ಬೀಗಾನೂ ಎಳೆದು ನೋಡ್ತೀವಿ. ಹಾಕದೆ ಹೋಗಿದ್ರೆ ನಮ್ಮ ಬೀಗ ಜಡೀತೀವಿ. ಮಾರನೇ ದಿನ ಅವರು ಠಾಣೆಗೆ ಬಂದು, ಎಲ್ಲರ ಮುಂದೆ ಕೀಲಿ ಕೇಳಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ ಈ ಊರಲ್ಲಿಲ್ಲ. ಬರ್ತೀರೇನಮ್ಮ, ಒಂದು ಸುತ್ತು?"

ಅಕ್ಕ ಹೊರಟಳು. ನನಗೆ ಬೆಂಚು ತೋರಿಸಿದರು. ನಾನು ಬೆಂಚಿನ ಮೇಲೆ ಕೂತು, ಅದಕ್ಕೊಂದು ಫೋಮಿನ ದಿಂಬು ಹಾಕಿದರೆ ಹೇಗಿರುತ್ತದೆ ಎಂದು ಯೋಚಿಸಿ, ಬೇಸರವಾಗಿ ಹೊರಗೆ ಬಂದೆ. ಆಗ ಹೊಳೆಯಿತು: ಅವರು ಮುಖ್ಯಬೀದಿ ನೋಡುತ್ತಿದ್ದಾರೆ, ನಾನು ಹಿಂದಿನ ಬೀದಿ ನೋಡಿ ಮುಗಿಸಿದರೆ ಅಕ್ಕನ ಮನೆತನದ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡುತ್ತದಲ್ಲ!

ಮೊದಲ ಬೀಗ ಭದ್ರ. ಎರಡನೆಯದೂ ಭದ್ರ. ಮೂರನೆಯದು ಕೈಗೇ ಬಂತು. ಕೊಂಡಿಗೆ ಸುಮ್ಮನೆ ಸಿಕ್ಕಿಸಿ ಹೋಗಿದ್ದರು. ಅಲ್ಲೇ ನಿಂತು ಯಾರನ್ನಾದರೂ ಕೂಗಬೇಕಿತ್ತು. ನಾನು ಶಟರನ್ನು ಮೊಣಕಾಲಷ್ಟು ಎತ್ತಿ ಬಗ್ಗಿ ನೋಡಿದೆ.

ಹಾಸಿಗೆ ಅಂಗಡಿ.

ಬೇರೆ ಯಾವ ಅಂಗಡಿಯಾಗಿದ್ದರೂ ನಾನು ಬಚಾವಾಗುತ್ತಿದ್ದೆ. ಒಳಗೆ ಮೂಲೆಯಲ್ಲಿ, ನಮ್ಮ ಯಜಮಾನರು ಎರಡು ತಿಂಗಳಿಂದ ತರಿಸಲಾಗದೆ ಒದ್ದಾಡುತ್ತಿದ್ದ ಲ್ಯಾಟೆಕ್ಸಿನ ಮಾಲು ರಾಜಠೀವಿಯಿಂದ ಒರಗಿತ್ತು. ಇವರಿಗೆ ಹೇಗೆ ಸಿಕ್ಕಿತು? ನುಸುಳಿ ಒಳಗೆ ಹೋದೆ. ಅಂಗೈಯಿಂದ ಒತ್ತಿ ನೋಡಿದೆ. ಒತ್ತಿದ ಮೇಲೆ ಮಲಗಿ ನೋಡುವುದು ನಮ್ಮ ವೃತ್ತಿಯ ಮುಂದಿನ ಹೆಜ್ಜೆ; ಅದಕ್ಕೆ ನನ್ನ ಒಪ್ಪಿಗೆ ಬೇಕಾಗುವುದಿಲ್ಲ, ಬೆನ್ನೇ ಹೋಗಿ ಮಲಗುತ್ತದೆ. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ಬಲಕ್ಕೆ ಹೊರಳಿದಾಗ ಶಟರಿನ ಕೆಳಗೆ ಎರಡು ದೊಡ್ಡ ಪಾದಗಳು ಕಂಡವು.

ಎದುರು ಮನೆಯ ಬಟ್ಟೆ ವ್ಯಾಪಾರಿ. ಬಾಗಿಲೆತ್ತರದ ಮನುಷ್ಯ. ಕಾಲರ್ ಹಿಡಿದು ಹೊರಗೆಳೆದ. "ಕದಿಯೋಕೆ ಬಂದು ನಿದ್ದೆ ಮಾಡ್ತೀಯಾ? ಎಷ್ಟು ಸೊಕ್ಕು ನಿಂಗೆ!" ಕಳ್ಳತನಕ್ಕಿಂತ ನಿದ್ದೆಯೇ ಅವನಿಗೆ ಹೆಚ್ಚು ಅವಮಾನ ಮಾಡಿದಂತಿತ್ತು.

ಠಾಣೆಯ ಬಾಗಿಲಲ್ಲಿ ಅಕ್ಕ ಮತ್ತು ಹಿರಿಯ ಪೇದೆ ಸುತ್ತು ಮುಗಿಸಿ ಬರುವುದಕ್ಕೂ, ನನ್ನನ್ನು ಬೆಕ್ಕಿನ ಮರಿಯಂತೆ ತೂಗಿಸಿಕೊಂಡು ಅವನು ತರುವುದಕ್ಕೂ ಸರಿಹೋಯಿತು.

"ಇವರು ನಿಮ್ಮ ಜೊತೆ ಬಂದವರಲ್ವೇನಮ್ಮ?" ಎಂದರು ಪೇದೆ.

"ನನ್ನ ತಮ್ಮ," ಎಂದಳು ಅಕ್ಕ. ಅವಳ ಮುಖ ಸುಣ್ಣದಂತಾಗಿತ್ತು.

ಬಟ್ಟೆ ವ್ಯಾಪಾರಿಯ ಕೈ ಸಡಿಲವಾಯಿತು. "ಓ, ನಿಮ್ಮ ಕಡೆಯವರಾ? ಹಾಗಾದ್ರೆ ಬಿಡಿ..."

"ಬಿಡಬೇಡಿ," ಎಂದಳು ಅಕ್ಕ. ಪೇದೆಯತ್ತ ತಿರುಗಿ, "ಬೇರೆ ಯಾರನ್ನಾದ್ರೂ ಹೀಗೆ ಹಿಡ್ಕೊಂಡು ಬಂದ್ರೆ ಏನು ಮಾಡ್ತೀರೋ ಅದನ್ನೇ ಮಾಡಿ ಸಾರ್."

ಒಡಹುಟ್ಟಿದವಳು! ನಾನು ಅವಳನ್ನು ಬಾಯಿ ತೆರೆದು ನೋಡಿದೆ.

ಪೇದೆ ಮಾಡಿದ್ದು ಇಷ್ಟು. ಮೊದಲು ನನಗೊಂದು ಕುರ್ಚಿ ಹಾಕಿದರು. ಬಟ್ಟೆ ವ್ಯಾಪಾರಿಗೂ ಒಂದು ಕುರ್ಚಿ, ನನ್ನಿಂದ ದೂರ. "ಹೊಡೆದ್ರಾ ಇವರಿಗೆ?" ಎಂದು ಅವನನ್ನೇ ಮೊದಲು ಕೇಳಿದರು. ಇಲ್ಲ ಎಂದ. "ಹೊಡೆದ್ರಾ?" ಎಂದು ನನ್ನನ್ನೂ ಕೇಳಿದರು. ಕಾಲರ್ ಬಿಟ್ಟರೆ ಎಲ್ಲ ಕ್ಷೇಮ ಎಂದೆ. ಅಂಗಡಿಯವನಿಗೆ ಫೋನ್ ಹೋಯಿತು. ಅವನು ಬರುವ ತನಕ ಯಾರೂ ನನ್ನನ್ನು ಕಳ್ಳ ಎನ್ನಲಿಲ್ಲ, ಗದರಲಿಲ್ಲ, ನೀರು ಕೊಟ್ಟರು. ಕೊನೆಗೆ ಪೇದೆ ಅಕ್ಕನಿಗೆ, "ಬರೆಯೋದು ನಾನು. ಕೇಳೋದು ನೀವು ಕೇಳಿ ನೋಡೋಣ" ಎಂದರು.

ಅಕ್ಕ ನನ್ನ ಎದುರು ಕೂತಳು. "ನೀವು ಒಳಗೆ ಯಾಕೆ ಹೋದಿರಿ?"

ಹುಟ್ಟಿದಾಗಿನಿಂದ ಅವಳು ನನ್ನನ್ನು 'ನೀವು' ಎಂದದ್ದು ಅದೇ ಮೊದಲು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಆಗ ನನಗೂ ನಿಂತುಹೋಯಿತು. ಇದ್ದದ್ದು ಇದ್ದ ಹಾಗೆ ಹೇಳಿದೆ: ಬೀಗ, ಶಟರು, ಲ್ಯಾಟೆಕ್ಸು, ಬೆನ್ನು. ಪೇದೆ ಎಲ್ಲವನ್ನೂ ಬರೆದುಕೊಂಡರು. 'ಬೆನ್ನು' ಬಂದಾಗ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು.

ಅಂಗಡಿಯವನು ಬಂದು ಎಲ್ಲ ನೋಡಿ, ಏನೂ ಹೋಗಿಲ್ಲ ಎಂದ. ಬೀಗ ಒತ್ತದೆ ಹೋದದ್ದಕ್ಕೆ ಅವನಿಗೆ ಬೈಗುಳ, ಪರರ ಅಂಗಡಿಗೆ ನುಗ್ಗಿದ್ದಕ್ಕೆ ನನಗೆ ಅದಕ್ಕಿಂತ ಉದ್ದದ ಬೈಗುಳ. ಹೋಗುವ ಮುಂಚೆ ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಹೇಗಿತ್ತು ಮಾಲು?"

"ಸೊಂಟದ ಹತ್ತಿರ ಸ್ವಲ್ಪ ಮೆತ್ತಗಾಯ್ತು," ಎಂದೆ.

ವಾಪಸು ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ನಾನೇ ಶುರುಮಾಡಿದೆ. "ಸರಿ, ಒಂದು ಚಿಂತೆ ಕಳೀತು. ಇನ್ನು ಆ ಊರಿಗೆ ನೀನು ಮುಖ ತೋರಿಸೋ ಹಾಗಿಲ್ಲ."

"ಅವರು ನಿನ್ನ ಹೊಡೀಲಿಲ್ಲ," ಎಂದಳು.

"ಹೊಡೀಬೇಕಿತ್ತಾ?"

"ನಮ್ಮ ಕಾಂಪ್ಲೆಕ್ಸಲ್ಲಿ ಹೊಡೀತಾರೆ. ಲಿಫ್ಟಿನ ಹಿಂದೆ ಒಂದು ಕೋಣೆ ಇದೆ. ಯಾರ ಮೇಲಾದ್ರೂ ಅನುಮಾನ ಬಂದ್ರೆ ಮೊದಲು ಅಲ್ಲಿಗೆ ಕರ್ಕೊಂಡು ಹೋಗ್ತಾರೆ. ಕೇಳೋದು ಆಮೇಲೆ. ನನಗೆ ಕೊಡ್ತೀವಿ ಅಂತಾರಲ್ಲ ಎಸಿ ಕೋಣೆ, ಅದೇ ಅದು."

"ನೀನೇ ಮೇಲ್ವಿಚಾರಕಿ ಆದ್ರೆ ನಿಲ್ಲಿಸಬಹುದಲ್ಲ?"

"ನಿಲ್ಲಿಸ್ತೀನಿ ಅಂತ ಮ್ಯಾನೇಜರಿಗೆ ಹೇಳಿದೆ. ನಕ್ಕರು. ನಿಧಾನಕ್ಕೆ ಅಭ್ಯಾಸ ಆಗುತ್ತೆ ಅಂದರು."

"ಹಾಗಾದ್ರೆ ನಗರದವರು ಕರೆಯೋ ತನಕ ಕಾಯಿ."

"ಅಲ್ಲಿ ಮೊದಲ ಐದಾರು ವರ್ಷ ಬ್ಯಾರಿಕೇಡಿನ ಹಿಂದೆ ನಿಲ್ಲಿಸ್ತಾರೆ. ನಿಲ್ಲೋದು ನನಗೆ ಈಗಲೇ ಬರುತ್ತೆ ಕಣೋ. ಮೊದಲನೇ ಕೆಲಸದಲ್ಲಿ ಏನು ಕಲೀತೀವೋ ಅದು ಮೈಗೇ ಹತ್ತಿಬಿಡುತ್ತೆ. ನಂಬಿಕೆ ಇಲ್ದಿದ್ರೆ ನಿನ್ನನ್ನೇ ನೋಡ್ಕೋ. ಬೀಗ ನೋಡೋಕೆ ಹೋದವನು ಮಲಗಿಬಿಟ್ಟೆ!"

ಮುಂದಿನ ಸೀಟಿನ ಮುದುಕಿ ತಿರುಗಿ ನನ್ನನ್ನೊಮ್ಮೆ ಆಪಾದಮಸ್ತಕ ನೋಡಿದಳು.

ಶನಿವಾರ ನಗರದ ಇಲಾಖೆಯಿಂದ ಫೋನ್ ಬಂತು. ಕಾಯುವ ಸಾಲಿನಲ್ಲಿ ಅವಳ ಸರದಿ ಬಂದಿತ್ತು. ಸೋಮವಾರ ವೈದ್ಯಕೀಯ ಪರೀಕ್ಷೆಗೆ ಬರಬೇಕು. ಅಮ್ಮ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು ಕೈ ಮುಗಿದಳು. ಕಾಂಪ್ಲೆಕ್ಸಿನ ಲಿಫ್ಟಿನ ಹಿಂದಿನ ಕತೆ ಕೇಳಿದ ಮೇಲೆ ಅವಳೂ ಪಕ್ಷ ಬದಲಾಯಿಸಿ ಮಾವನ ಕಡೆ ಸೇರಿದ್ದಳು. ಮಾವನಂತೂ ಸುದ್ದಿ ತಿಳಿದ ಅರ್ಧ ಗಂಟೆಯಲ್ಲಿ ಹಾಜರ್. "ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವಾ?" ಎಂದು ಕೋಣೆಯ ತುಂಬ ಓಡಾಡಿದ. ಲಾರಿಯಲ್ಲಿದ್ದ ಅಪ್ಪನೂ ಈ ಸಲ ಎರಡು ಬಾರಿ "ಹೂಂ" ಎಂದ.

ನಿಜ ಹೇಳಬೇಕೆಂದರೆ, ನನಗೂ ಅವಳು ಒಪ್ಪಿಕೊಳ್ಳುತ್ತಾಳೆ ಎಂದೇ ಅನಿಸಿತ್ತು. ಇಲ್ಲದ ಒಳ್ಳೆಯದನ್ನು ಬೇಡ ಎನ್ನುವುದು ಸುಲಭ. ಕೈಯಲ್ಲೇ ಬಂದು ಕೂತದ್ದನ್ನು? ಅಕ್ಕ ಆ ಭಾನುವಾರ ಬೆಳಿಗ್ಗೆ ಪಾರ್ಕಿಂಗಿಗೆ ಹೋಗಿ ಓಡಿದಳು, ಬಂದು ಸ್ನಾನ ಮಾಡಿದಳು, ಮಧ್ಯಾಹ್ನ ಮತ್ತೆ ಹೋಗಿ ಕಾರುಗಳ ನಡುವೆಯೇ ಓಡಿದಳು. ಸಂಜೆ ನೋಡಿದರೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಜೀಪು ಓಡಿಸಬೇಕು ಅಂತ ತುಂಬಾ ಆಸೆ ಇತ್ತು ಕಣೋ," ಎಂದಳು. "ಆ ಊರಲ್ಲಿ ಇರೋದು ಸೈಕಲ್ಲು."

"ಹಾಗಾದ್ರೆ ನಗರದ ಇಲಾಖೆಗೇ ಹೋಗೇ."

"ಹೋಗಲ್ಲ," ಎಂದಳು. ಮೂಗು ಒರೆಸಿಕೊಂಡು ಎದ್ದುಹೋದಳು.

ಸೋಮವಾರ ಬೆಳಿಗ್ಗೆ ಎಲ್ಲರ ಎದುರೇ ನಗರದ ಇಲಾಖೆಗೆ ಫೋನ್ ಹಚ್ಚಿದಳು. ತುಂಬ ಹೊತ್ತು ಅವರು ಕಾಯಿಸಿದರು. ಮಾವ ಇನ್ನೂ ಅವಳ ಮುಂದೆ ಕೈಬೆರಳುಗಳಲ್ಲಿ ಪಿಂಚಣಿ ಎಣಿಸುತ್ತಿದ್ದ. ಕೊನೆಗೆ ಯಾರೋ ಬಂದರು.

"ನಾನು ಬರ್ತಿಲ್ಲ ಸಾರ್. ನನ್ನ ಜಾಗ ಮುಂದಿನವರಿಗೆ ಕೊಡಿ."

ಆ ಕಡೆಯ ಧ್ವನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು. "ಯೋಚನೆ ಮಾಡಿ ಹೇಳಮ್ಮ. ಮತ್ತೆ ಕರೆಯಲ್ಲ."

"ಯೋಚನೆ ಮಾಡಿದ್ದಾಯ್ತು ಸಾರ್."

ಫೋನ್ ಕೆಳಗಿಡದೆ ಅದೇ ಉಸಿರಿನಲ್ಲಿ ಸಣ್ಣ ಊರಿನ ಠಾಣೆಗೆ ಮಾಡಿದಳು. ಅಲ್ಲಿ ಮೊದಲ ರಿಂಗಿಗೇ ಎತ್ತಿದರು. "ಬರ್ತೀನಿ" ಎಂದಳು. ಎಂದು ಬರಬೇಕು ಎಂದು ಕೇಳಿಕೊಂಡಳು. ಇಟ್ಟಳು.

ಮಾವ ಕುರ್ಚಿಯಲ್ಲಿ ಕುಸಿದ. "ಮುಗೀತು. ಮೂರು ವರ್ಷ ಸೈಕಲ್ಲು!" ಎಂದು ಅಮ್ಮನತ್ತ ನೋಡಿದ, ಬೆಂಬಲಕ್ಕೆ. ಅಮ್ಮ ಅವನ ಕಡೆ ನೋಡಲೇ ಇಲ್ಲ. ಅವಳು ಆಗಲೇ ಬೇರೆ ಲೆಕ್ಕದಲ್ಲಿ ಬಿದ್ದಿದ್ದಳು.

"ಅಲ್ಲಿ ಎಷ್ಟು ಜನ ಹೆಂಗಸರಿದ್ದಾರೆ?"

"ಯಾರೂ ಇಲ್ಲ. ನಾನೇ ಮೊದಲು."

"ಬಟ್ಟೆ ಬದಲಾಯಿಸೋಕೆ ಬೇರೆ ಕೋಣೆ ಇದೆಯಾ?"

"ಇಲ್ಲಮ್ಮ," ಎಂದಳು ಅಕ್ಕ. "ಮೊದಲನೇ ದಿನ ಅದನ್ನೇ ಕೇಳ್ತೀನಿ."

"ಕೊಡದಿದ್ರೆ?"

"ಎರಡನೇ ದಿನಾನೂ ಕೇಳ್ತೀನಿ."