ಡಾಕ್ಟರಿಗೆ ತೋರಿಸಲು ಸಿಂಗಾರಗೊಂಡ ಕಾಲು

ನಮ್ಮ ಮನೆಯಲ್ಲಿ ಯಾರಿಗೆ ಏನೇ ಆಗಲಿ, ಮೊದಲು ಮಾನದ ಚಿಂತೆ, ಆಮೇಲೆ ಮೈಯ ಚಿಂತೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅವ್ವನ ಕಾಲನ್ನು ಮಧುಗಿರಿಯ ಡಾಕ್ಟರಿಗೆ ತೋರಿಸಲು ನಮ್ಮವರು ನಡೆಸಿದ ತಯಾರಿ ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನನ್ನು ಹೆಣ್ಣು ನೋಡಲು ಬಂದಾಗಲೂ ಅಷ್ಟು ಮಾಡಿರಲಿಲ್ಲ. ಒಂದು ಮೊಳ ಹೂವಿನಲ್ಲಿ ಮುಗಿಸಿದ್ದರು.

ನಮ್ಮೂರು ಕೊಡಿಗೇನಹಳ್ಳಿ ಹತ್ತಿರ. ಅವ್ವ ಹುಲ್ಲು ಹೊತ್ತು ಬರುವಾಗ ಕಲ್ಲಿಗೆ ಎಡವಿದ್ದಳು. ಹೆಬ್ಬೆರಳ ಪಕ್ಕದ ಬೆರಳು ಊದಿ, ಕಾಲುಂಗುರದ ಕೆಳಗೆ ಗಾಯವಾಗಿ ಕೀವು ತುಂಬಿತ್ತು. ಮದುವೆಯಾಗಿ ಸಿರಾ ಸೇರಿದ್ದ ನಾನು ಸುದ್ದಿ ತಿಳಿದು ಓಡಿಬಂದೆ. ಊದಿದ ಬೆರಳನ್ನು ಆ ಬೆಳ್ಳಿಯ ಉಂಗುರ ಹಿಸುಕುತ್ತಿತ್ತು. ಕಣ್ಣಿದ್ದವರಿಗೆಲ್ಲ ಕಾಣುವ ಸಂಗತಿ. ಸೋಪಿನ ನೀರು ತಂದು ಉಂಗುರವನ್ನು ಮೆಲ್ಲಗೆ ತಿರುಗಿಸಿದೆ. ಇನ್ನೂ ಅಲ್ಲಾಡುತ್ತಿತ್ತು.

"ಲೇ, ಬುಡೇ ಅದ್ನ!" ಅತ್ತೆ ಬಂದು ನನ್ನ ಕೈಗೆ ಹೊಡೆದಳು. "ಗಂಡ ಗುಂಡುಕಲ್ಲಂಗೆ ಇರೋವಾಗ ಕಾಲುಂಗ್ರ ತೆಗೀತಾರೇನೇ? ನನ್ ತಮ್ಮನ ಆಯಸ್ಸಿಗೆ ಕಲ್ಲು ಹಾಕೋಕ್ ಬಂದ್ಯಾ?"

ಅತ್ತೆ ಅಂದರೆ ಅಪ್ಪನ ಅಕ್ಕ. ತನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಯಜಮಾನಿಕೆಯನ್ನೆಲ್ಲ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಅವಳ ಮಾತು ಕೇಳಿ ಅವ್ವನೂ ಹೆದರಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಅಪ್ಪ ಜಗಲಿಯಿಂದಲೇ "ಅಕ್ಕ ಹೇಳ್ದಂಗೆ ಕೇಳ್ರಮ್ಮ" ಎಂದು ಬೀಡಿ ಹಚ್ಚಿದ. ಆ ಮಹಾನುಭಾವ ಇಡೀ ಪ್ರಕರಣದಲ್ಲಿ ಬಾಯಿಬಿಟ್ಟಿದ್ದು ಅಷ್ಟೇ.

ಕಾಲಿನ ಕಾಯಿಲೆಗೆಂದೇ ಒಬ್ಬ ಡಾಕ್ಟರು ಪ್ರತಿ ಗುರುವಾರ ಮಧುಗಿರಿಗೆ ಬರುತ್ತಿದ್ದರು. ಮಾರನೆಯ ದಿನವೇ ಗುರುವಾರ. ಬೆಳಗಿನ ಬಸ್ಸಿಗೇ ಹೊರಡೋಣ ಎಂದೆ. ಅತ್ತೆ ಅವ್ವನ ಒಡೆದ ಹಿಮ್ಮಡಿ ನೋಡಿ ಮೂಗು ಮುರಿದಳು.

"ಈ ಕಾಲ್ನ ದೊಡ್ ಡಾಕ್ಟ್ರ ಮುಂದೆ ಚಾಚ್ತಾಳಂತೆ! ಅವ್ರು ಕೈಯಾಗೆ ಮುಟ್ಟೋ ಕಾಲು ಕಣಮ್ಮ. ಒಸಿ ನೀಟಾಗ್ಲಿ, ಮುಂದಿನ್ ವಾರ ಹೋದ್ರಾಯ್ತು."

ಸರಿ, ಶುರುವಾಯಿತು ಉತ್ಸವ. ಇಟ್ಟಿಗೆ ಚೂರಿನಲ್ಲಿ ಹಿಮ್ಮಡಿ ಉಜ್ಜಿದ್ದೇ ಉಜ್ಜಿದ್ದು. ಸೀಗೆಪುಡಿ ಹಾಕಿ ತೊಳೆದದ್ದೇ ತೊಳೆದದ್ದು. ಗೋರಂಟಿ ಸೊಪ್ಪು ರುಬ್ಬಿಸಿ, ಅದು ತಂಪು, ಉರಿ ಎಳೆಯುತ್ತದೆ ಎಂದು ಅಂಗಾಲಿಂದ ಬೆರಳ ತುದಿವರೆಗೂ ಮೆತ್ತಿಸಿದಳು. ಮೊದಲ ಸಲ ಬಣ್ಣ ಸರಿಯಾಗಿ ಹಿಡಿಯಲಿಲ್ಲವೆಂದು ಮತ್ತೊಮ್ಮೆ ಮೆತ್ತಿಸಿದಳು. ಹೊರಡುವ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಕಾಲುಂಗುರವನ್ನು ಬೆಳಗಿದ್ದಾಯಿತು. ಬೆರಳು ಕೊಳೆಯುತ್ತಿದೆ, ಇವರು ಅದರ ಮೇಲಿನ ಬೆಳ್ಳಿ ಬೆಳಗುತ್ತಿದ್ದಾರೆ! ಅವ್ವ ಸೆರಗು ಕಚ್ಚಿಕೊಂಡು ಗೋಡೆಗೆ ಒರಗಿದ್ದಳು. ಪಕ್ಕದ ಮನೆಯವಳು ಬೇರೆ ಬಂದು "ಮದಲಗಿತ್ತಿ ಕಾಲಂಗೈತೆ ಕಣಕ್ಕ" ಎಂದು ಹೊಗಳಿ ಹೋದಳು. ಥೂ! ನಾನು ಕೂಗಾಡಿದರೆ, ಸಿರಾ ನೀರು ಕುಡಿದು ನನಗೆ ಬಾಯಿ ಬಂದಿದೆಯಂತೆ.

ಗುರುವಾರ ಮಧುಗಿರಿಯಲ್ಲಿ ಡಾಕ್ಟರು ಕಾಲಿನ ಬಟ್ಟೆ ಬಿಚ್ಚಿಸಿ ನೋಡಿ ಕನ್ನಡಕ ತೆಗೆದರು. "ಏನಮ್ಮ, ನೀವು ಬಂದಿರೋದು ಆಸ್ಪತ್ರೆಗೋ, ಮದುವೆಗೋ? ಕಾಯಿಲೆ ಎಲ್ಲಿವರೆಗೆ ಹಬ್ಬಿದೆ ಅಂತ ನಾನು ಚರ್ಮದ ಬಣ್ಣ ನೋಡಿ ಹೇಳಬೇಕು. ಈ ಕೆಂಪಿನಲ್ಲಿ ಏನು ನೋಡಲಿ?" ಆಮೇಲೆ ಬೆರಳು ಒತ್ತಿದರು. ಈಗ ಉಂಗುರ ಅಲ್ಲಾಡುತ್ತಲೂ ಇರಲಿಲ್ಲ. ಮೊದಲು ಇದನ್ನು ಕತ್ತರಿಸಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ ಎಂದರು.

"ಬೆರಳು ಹೋದ್ರೆ ಹೋಗ್ಲಿ ಸ್ವಾಮಿ, ನನ್ ತಮ್ಮ ಉಳೀಲಿ!" ಎಂದಳು ಅತ್ತೆ.

ಆ ತಮ್ಮ ಕಿವಿಗೆ ಬೀಡಿ ಸಿಕ್ಕಿಸಿಕೊಂಡು, ಒಂದು ಕೆಮ್ಮೂ ಇಲ್ಲದೆ ಬಾಗಿಲಲ್ಲಿ ನಿಂತಿದ್ದ. ಆಗ ಅವ್ವ ಯಾರ ಮುಖವನ್ನೂ ನೋಡದೆ, "ಕತ್ತರಿಸ್ರಪ್ಪ, ನನ್ ಕೈಲಾಗಲ್ಲ" ಎಂದಳು.

ಕತ್ತರಿಸಿದರು. ಉಂಗುರದ ಕೆಳಗೆ ಬೆರಳು ಕಪ್ಪಾಗಿತ್ತು. ಹೋದ ವಾರವೇ ಏಕೆ ಬರಲಿಲ್ಲ ಎಂದು ಡಾಕ್ಟರು ಬೈದರು.

"ಹೋದ್ ವಾರ ಗೋರಂಟಿ ಹತ್ತಿರ್ಲಿಲ್ಲ ಸಾರ್," ಎಂದೆ ನಾನು.

ಬೆರಳು ಉಳಿಯಲಿಲ್ಲ. ಅವ್ವ ಊರಿಗೆ ಬಂದು ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದಾಗ, ಅತ್ತೆ ತುಂಡಾದ ಉಂಗುರವನ್ನು ಅಕ್ಕಸಾಲಿಗನ ಹತ್ತಿರ ಬೆಸುಗೆ ಹಾಕಿಸಿ ತಂದು ಪಕ್ಕದ ಬೆರಳಿಗೆ ತೊಡಿಸಿದಳು. ಅಲ್ಲಿಗೆ ತಮ್ಮನ ಆಯಸ್ಸು ಭದ್ರವಾಯಿತು ಅಂತ ಅವಳ ಲೆಕ್ಕ.

ಆ ಭದ್ರವೂ ಕೆಲವೇ ವರ್ಷದ್ದು. ಒಂದು ಮಧ್ಯಾಹ್ನ ಅಪ್ಪ ಉಂಡು ಮಲಗಿದವನು ಏಳಲಿಲ್ಲ. ಶಾಸ್ತ್ರದ ದಿನ ಅತ್ತೆಯೇ ಅವ್ವನ ಕಾಲ ಬಳಿ ಕೂತಳು. ಒಂದಿಷ್ಟು ಸೋಪಿನ ನೀರು ಬಿಟ್ಟು ಉಂಗುರವನ್ನು ತಿರುಗಿಸಿ ಎಳೆದಳು. ಸಲೀಸಾಗಿ ಕೈಗೆ ಬಂತು. ಈ ಸಲ ಅವ್ವ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೆರಳಿಲ್ಲದ ಜಾಗವನ್ನು ಕೈಯಲ್ಲಿ ಸವರಿಕೊಂಡು ಹೇಳಿದಳು:

"ಆವತ್ತೂ ಇಂಗೇ ಬರ್ತಿತ್ತಲ್ಲಕ್ಕಾ."