ಪೇಟಿಯ ಮೇಲೆ ಗದ್ದ ಊರಿ

ಬೈಕುಲ್ಲಾ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ನನ್ನ ಅಪ್ಪನ ಅಂಗಡಿ. ಅಂಗಡಿ ಅನ್ನುವುದು ನಮ್ಮ ದೊಡ್ಡಸ್ತಿಕೆ. ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಧಾರವಾಡದಿಂದ ಬಂದ ಅಪ್ಪ ನಲವತ್ತು ವರ್ಷಗಳಿಂದ ಅಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹಾರ್ಮೋನಿಯಂ ಅನ್ನುವುದಿಲ್ಲ, ಪೇಟಿ ಅನ್ನುತ್ತೇವೆ.

ಪೇಟಿಯ ಒಳಗೆ ಹಿತ್ತಾಳೆಯ ರೀಡುಗಳಿರುತ್ತವೆ, ಗಾಳಿಗೆ ನಡುಗಿ ದನಿ ಕೊಡುವ ತೆಳು ಪಟ್ಟಿಗಳು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎರಡು ರೀಡುಗಳನ್ನು ಒಟ್ಟಿಗೆ ನುಡಿಸಿದಾಗ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಂವ್ ವಂವ್ ಎಂದು ಒಂದು ಅಲೆ ಏಳುತ್ತದೆ. ಆ ಅಲೆ ಅಡಗುವವರೆಗೆ ಅಪ್ಪ ಅರದಿಂದ ಕೆರೆಯುತ್ತಾನೆ. ಅಲೆ ಹುಡುಕುವಾಗ, ಮರದ ನಡುಕ ಎಲುಬಿಗೆ ತಾಗಲೆಂದು, ಪೇಟಿಯ ಮೇಲೆ ಗದ್ದ ಊರಿ ಕಣ್ಣು ಮುಚ್ಚುತ್ತಾನೆ. ಚಿಕ್ಕವಳಿದ್ದಾಗ ನಾನು ಅವನಿಗೆ ನಿದ್ದೆ ಬಂದಿದೆ ಅಂದುಕೊಂಡು ತೋಳು ಹಿಡಿದು ಅಲುಗಾಡಿಸಿ ಬೈಸಿಕೊಂಡಿದ್ದೇನೆ.

ಇಂಥವನ ಮಗಳು ನಾನು, ಮೂವತ್ತು ದಾಟಿದ ಮೇಲೆ ಕರೆಂಟಿನಿಂದ ದನಿ ಹುಟ್ಟಿಸುವ ಸಿಂಥಸೈಜರ್‌ಗೆ ಮರುಳಾದೆ. ಪವಾಯಿಯ ನನ್ನ ಆಫೀಸಿನಲ್ಲಿ ಒಂದು ದಿನ ಊಟದ ಹೊತ್ತಿಗೆ ಗೆಳತಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದಳು. ತಂಬೂರಿ ಮಿಡಿಯುತ್ತಿತ್ತು, ಅದರ ಬೆನ್ನಿಗೇ ಯಾವುದೋ ಯಂತ್ರ ಉಸಿರಾಡುತ್ತಿತ್ತು. ಎಲ್ಲಿ ತಂಬೂರಿ ಮುಗಿದು ಎಲ್ಲಿ ಯಂತ್ರ ಶುರುವಾಯಿತೋ ತಿಳಿಯಲಿಲ್ಲ. ತಟ್ಟೆಯಲ್ಲಿ ಅನ್ನ ಆರಿಹೋಯಿತು. ಒಂದು ತಿಂಗಳೊಳಗೆ ಯಾರೋ ಬಳಸಿ ಬಿಟ್ಟ ಸಿಂಥ್ ಒಂದು ನಮ್ಮ ಬೊರಿವಲಿಯ ಮನೆಗೆ ಬಂದು ಊಟದ ಟೇಬಲ್ಲಿನ ಅರ್ಧ ಆಕ್ರಮಿಸಿಕೊಂಡಿತು. ಅಪ್ಪ ತನ್ನ ತಾಟನ್ನು ಮಿಕ್ಕ ಅರ್ಧಕ್ಕೆ ಸರಿಸಿಕೊಂಡ.

ಮೂರು ತಿಂಗಳು ಒದ್ದಾಡಿ ಒಂದು ಹಾಡು ಕಟ್ಟಿದೆ. ಅಪ್ಪ ಶ್ರುತಿ ಮಾಡಿದ ಪೇಟಿಯ ಷಡ್ಜವನ್ನೇ ಫೋನಿನಲ್ಲಿ ಹಿಡಿದು ಕೆಳಗೆ ಹಾಸಿದೆ. ಅದರ ಮೇಲೆ, ಬಹಳ ಎತ್ತರದಲ್ಲಿ, ಸಿಂಥ್‌ನಿಂದ ಒಂದು ಎಳೆಯಂಥ ರಾಗ. ಯಾರಿಗೂ ಕೇಳಿಸುವ ಮೊದಲು ಅಪ್ಪನಿಗೆ ಕೇಳಿಸಬೇಕೆಂಬ ಆಸೆ. ಹೆಡ್‌ಫೋನನ್ನು ನಾನೇ ಅವನ ಕಿವಿಗೆ ಹಾಕಿದೆ. ಪೂರ್ತಿ ಕೇಳಿ ತೆಗೆದು, ಭಾಳ ಚೊಲೋ ಐತಿ ಅಂದ.

ಆ ದನಿ ನನಗೆ ಗೊತ್ತು. ಗೆದ್ದಲು ತಿಂದ ಪೇಟಿ ತಂದವರಿಗೂ ಅಪ್ಪ ಮುಖ ಮುರಿಯದೆ ಹೀಗೇ ಹೇಳಿ ಕಳಿಸುತ್ತಾನೆ. ನನ್ನನ್ನೂ ಗಿರಾಕಿ ಮಾಡಿಬಿಟ್ಟನಲ್ಲ ಎಂದು ಸಿಟ್ಟು ನೆತ್ತಿಗೇರಿತು. ನನಗೆ ಸಿಟ್ಟು ಬಂದರೆ ಮಾತು ಅಡುಗೆಮನೆಗಷ್ಟೇ ಸೀಮಿತ. ಒಂದು ವಾರ ಸಾರು ಬೇಕಾ, ಮಜ್ಜಿಗೆ ಬೇಕಾ, ಇಷ್ಟೇ.

ಆ ವಾರದ ಕೊನೆಗೆ ಪವಾಯಿಯಲ್ಲಿ ಭಜನೆ ಕಲಿಸುವ ಒಬ್ಬ ಅಕ್ಕ ಫೋನು ಮಾಡಿ, ಆಫೀಸು ಬಿಟ್ಟ ಮೇಲೆ ಬಂದು ಹೋಗು ಅಂದರು. ಬೆಳಗಾವಿಯವರು, ಅಪ್ಪನ ಹಳೆಯ ಗಿರಾಕಿ. ಹಿಂದಿನ ತಿಂಗಳಷ್ಟೇ ಅಪ್ಪ ಶ್ರುತಿ ಮಾಡಿ ಕೊಟ್ಟ ಪೇಟಿಯನ್ನು ಮುಂದಿಟ್ಟು ಬಾರಿಸಿದರು. ಮಂದ್ರ, ಮಧ್ಯ ಎಲ್ಲ ಬಂಗಾರ. ತಾರ ಸಪ್ತಕಕ್ಕೆ ಹೋಗುತ್ತಿದ್ದಂತೆ ಸ್ವರಗಳು ಒಂದೊಂದಾಗಿ ಮೇಲಕ್ಕೆ ಜಾರಿದವು.

“ನಿಮ್ಮಪ್ಪಾರಿಗೆ ಹೇಳಬ್ಯಾಡವಾ, ಮನಸಿಗೆ ಹಚ್ಚಿಕೋತಾರ,” ಅಂದರು.

ಪೇಟಿ ಬಿಚ್ಚಿ ನೋಡಿದೆ. ಮೇಲಿನ ರೀಡುಗಳ ತುದಿಗಳು ಕೆರೆದು ಕೆರೆದು ತೆಳ್ಳಗಾಗಿ ಮಿನುಗುತ್ತಿದ್ದವು. ವಯಸ್ಸಾದ ಕಿವಿಗೆ ಸಿಗದ ಎತ್ತರದ ಸ್ವರವನ್ನು ಹುಡುಕುತ್ತ ಅಪ್ಪ ಕೆರೆಯುತ್ತಲೇ ಹೋಗಿದ್ದ. ನನ್ನ ಹಾಡಿನ ರಾಗ ಇದ್ದದ್ದು ಅದಕ್ಕೂ ಎತ್ತರದಲ್ಲಿ. ಅಂದರೆ ಅವತ್ತು ಅವನು ಕೇಳಿದ್ದು ತನ್ನದೇ ಷಡ್ಜವನ್ನು ಮಾತ್ರ. ಸರಿಮಾಡಿಸಿ ತರುತ್ತೇನೆಂದು ಅಕ್ಕನಿಂದ ಪೇಟಿಯನ್ನು ಪಡೆದು, ಬೊರಿವಲಿಗೆ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಪಕ್ಕದ ಹೆಂಗಸು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಹೇಳಿದರೆ ಅಪ್ಪ ಅವತ್ತೇ ಅಂಗಡಿಗೆ ಬೀಗ ಹಾಕುತ್ತಾನೆ, ಅಷ್ಟು ಮಾನವಂತ. ಹೇಳದಿದ್ದರೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿ, ಪೇಟಿ ತರುವವರೇ ಇಲ್ಲದೆ ಬಾಗಿಲು ನೋಡುತ್ತ ಕೂರುತ್ತಾನೆ. ಎರಡನ್ನೂ ನೋಡುವ ಧೈರ್ಯ ನನಗಿರಲಿಲ್ಲ. ಪೇಟಿಯನ್ನು ಬಟ್ಟೆ ಸುತ್ತಿ ನನ್ನ ಮಂಚದ ಕೆಳಗಿಟ್ಟೆ.

ಭಾನುವಾರ ಅಂಗಡಿಗೆ ನಾನೂ ಜೊತೆಗೆ ಬರುತ್ತೇನೆಂದು ಅಪ್ಪನೊಡನೆ ಹೊರಟೆ. ಹೆಗಲಿಗೆ ಸಿಂಥ್, ಕೈಯಲ್ಲಿ ಬಟ್ಟೆಯ ಗಂಟು. ದಾದರ್‌ನಲ್ಲಿ ರೈಲಿನ ಲೈನ್ ಬದಲಿಸುವಾಗ, ಮನಿ ಖಾಲಿ ಮಾಡಿ ಹೊಂಟೀ ಏನು ಎಂದು ಅಪ್ಪ ಚೇಷ್ಟೆ ಮಾಡಿದ. ವಾರದ ಮುನಿಸು ಅಲ್ಲಿಗೆ ಮುಗಿಯಿತು.

ಅಂಗಡಿಯ ಅಟ್ಟದ ಮೇಲೆ ರೀಡು ಕಿತ್ತ ಹಳೆಯ ಪೇಟಿಯ ಖಾಲಿ ಮೈ ಒಂದಿತ್ತು. ಅದನ್ನು ಇಳಿಸಿ ಒಳಗೆ ಪುಟ್ಟ ಸ್ಪೀಕರ್ ಕೂರಿಸಿ ಸಿಂಥ್‌ನ ವಯರ್ ಸಿಕ್ಕಿಸಿದೆ. ಗದ್ದ ಇಡಪ್ಪಾ ಅಂದೆ. ನನ್ನನ್ನೊಮ್ಮೆ ನೋಡಿ ಇಟ್ಟ.

ಮಧ್ಯ ಸಪ್ತಕದ ಒಂದೇ ಸ್ವರದ ಎರಡು ದನಿ ಬಿಟ್ಟು, ಒಂದನ್ನು ತುಸು ಸರಿಸಿದೆ. ಮರದ ಪೆಟ್ಟಿಗೆ ವಂವ್ ವಂವ್ ಎಂದಿತು. ಅಪ್ಪ ಕಣ್ಣು ಮುಚ್ಚಿದ. ನಾನು ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ ಬಂದೆ. ಅಲೆ ಅಡಗಿದ ಕ್ಷಣಕ್ಕೆ ಸರಿಯಾಗಿ ಅವನ ತೋರುಬೆರಳು ಮೇಲೆದ್ದಿತು. ಮತ್ತೊಮ್ಮೆ ಮಾಡಿದೆ, ಮತ್ತೊಮ್ಮೆ ಎದ್ದಿತು.

ಆಮೇಲೆ ನನ್ನ ರಾಗವನ್ನು ಮೂರು ಸಪ್ತಕ ಕೆಳಗಿಳಿಸಿ ನುಡಿಸಿದೆ. ಅಪ್ಪ ಗದ್ದ ಎತ್ತಲಿಲ್ಲ. ಮುಗಿದ ಮೇಲೂ ಹಾಗೇ ಇದ್ದು, ಅವತ್ತು ಕೇಳಿಸಿದ್ದು ಇದೇ ಏನು ಎಂದು ಕೇಳಿದ. ಇದೇ, ಆದರೆ ಮೇಲೆ ಇತ್ತು ಅಂದೆ.

“ಅವತ್ತ ನಾ ಸುಳ್ಳ ಹೇಳಿದ್ನೆವ್ವಾ. ನನಗ ನಿನ್ನ ಹಾಡ ಕೇಳಿಸಿದ್ದಿಲ್ಲ.” ಗದ್ದ ಎತ್ತಿ, “ಇವತ್ತ ಕೇಳ್ತು. ಖರೇನ ಚೊಲೋ ಐತಿ,” ಅಂದ.

ಈಗ ನನ್ನಲ್ಲಿ ಸುಳ್ಳು ಉಳಿಸಿಕೊಳ್ಳುವುದು ಸರಿಯಲ್ಲ ಅನ್ನಿಸಿತು. ಬಟ್ಟೆ ಬಿಚ್ಚಿ ಪವಾಯಿಯ ಪೇಟಿಯನ್ನು ಅವನ ಮುಂದಿಟ್ಟೆ. ಅಪ್ಪ ಮುಚ್ಚಳ ತೆಗೆದ, ಮೇಲಿನ ರೀಡುಗಳ ತುದಿಯ ಮೇಲೆ ಹೆಬ್ಬೆರಳು ಆಡಿಸಿದ, ತನ್ನ ಕೈಯ ಗುರುತು ತಾನೇ ಓದಿಕೊಂಡ. ಹೊರಗೆ ಯಾರೋ ಕೈಗಾಡಿ ಸರಿಸಲು ಕೂಗಾಡುತ್ತಿದ್ದರು. ಅವನು ಎದ್ದು ಶಟರ್ ಎಳೆಯುತ್ತಾನೆ ಎಂದು ನಾನು ಹೆದರಿದ್ದೆ.

ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು ಅರ ಎತ್ತಿಕೊಂಡ.

“ಮ್ಯಾಲಿನವು ಇನ್ನ ನೀ ಕೇಳಿ ಹೇಳು. ನಾ ಕೆರೀತೀನಿ.”

ನಾನು ಪೇಟಿಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದೆ. ಅಪ್ಪ ರೀಡಿನ ಬುಡಕ್ಕೆ ಅರ ಆಡಿಸಿ, ಕೆಳಗಿನ ಸಪ್ತಕದ ಅದೇ ಸ್ವರವನ್ನು ಜೊತೆಗೊತ್ತಿ ನುಡಿಸಿದ. ಅಲೆ ಇನ್ನೂ ಇತ್ತು. ಮತ್ತೆ ಕೆರೆದ, ಮತ್ತೆ ನುಡಿಸಿದ. ಅದು ಪೂರ್ತಿ ಅಡಗಿದಾಗ ನಾನು ಬೆರಳೆತ್ತಿದೆ, ಅಪ್ಪ ಅರ ಕೆಳಗಿಟ್ಟ.