ಉಪ್ಪು ನೀರಿನಲ್ಲಿ ಎದ್ದ ನೊರೆ

“ಅಕ್ಕಾ, ನಿಮ್ಮ ಬಾವಿಯ ಸ್ವಲ್ಪ ನೀರು ಕೊಡ್ತೀರಾ?”

ವ್ಯಾಪಾರಕ್ಕೆಂದು ಹೊರಟ ನಾನು ಬಾಯಿ ಬಿಟ್ಟು ಆಡಿದ ಮೊದಲ ಮಾತು ಇದು. ನಗಬೇಡಿ ಮಕ್ಕಳೇ. ಅದಕ್ಕೆ ಮೊದಲು ನಮ್ಮ ಅತ್ತಾವರದಲ್ಲಿ ಎಷ್ಟೋ ಗೇಟುಗಳ ಮುಂದೆ ನಿಂತು ಸುಮ್ಮನೆ ವಾಪಸು ಬಂದಿದ್ದೆ. (ಒಂದು ಕಡೆ ಬೆಲ್ ಒತ್ತಿದೆ. ಬಾಗಿಲು ತೆರೆಯುವ ಮೊದಲೇ ಓಡಿದೆ.)

ಎಪ್ಪತ್ತರ ದಶಕದ ಕೊನೆ. ನಿಮ್ಮ ಅಜ್ಜ ತೀರಿಕೊಂಡಿದ್ದರು. ನಿಮ್ಮ ಅಮ್ಮ ಏಳನೇ ಕ್ಲಾಸು. “ಮಳೆಗಾಲದೊಳಗೆ ಸಂಪಾದನೆಗೆ ದಾರಿ ಆಗದಿದ್ದರೆ ಅವಳನ್ನು ಶಾಲೆ ಬಿಡಿಸಿ ಊರಿಗೆ ಬಾ” ಎಂದು ನನ್ನ ಅಣ್ಣ ಹೇಳಿಬಿಟ್ಟಿದ್ದ. ನನ್ನ ಕೈಯಲ್ಲಿ ಇದ್ದದ್ದು ಸುಮತಿ ಟೀಚರ್ ಹೆಂಗಸರ ಸಂಜೆ ಕ್ಲಾಸಿನಲ್ಲಿ ಕಲಿಸಿದ ತೆಂಗಿನೆಣ್ಣೆಯ ಸಾಬೂನು ಮಾತ್ರ.

ಟೀಚರ್ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಒಂದು ಸಂಜೆ ಎರಡು ಗ್ಲಾಸು ನೀರಿಗೆ ಉಪ್ಪು ಕದಡಿದರು. ಒಂದರಲ್ಲಿ ಕಲಕಿದ ಪೇಟೆಯ ಸಾಬೂನು ಒಡೆದ ಹಾಲಿನಂತೆ ತರಿತರಿಯಾಯಿತು. ನಮ್ಮದರಲ್ಲಿ ನೊರೆ!

“ತೆಂಗಿನೆಣ್ಣೆಯ ಗುಣ ಅದು. ಸರಿ, ಇದು ಯಾರಿಗೆ ಬೇಕು? ಅದನ್ನೂ ನಾನೇ ಹೇಳ್ಬೇಕಾ ಮಾರಾಯ್ರೆ?”

ಬೇರೆಯವರ ಪಾಠ ಉತ್ತರದಲ್ಲಿ ಮುಗಿಯುತ್ತದೆ. ಟೀಚರ್ ಪಾಠ ಶುರುವಾಗುತ್ತಿದ್ದದ್ದೇ ಅಲ್ಲಿಂದ.

ಮನೆಗೆ ನಡೆಯುವಾಗ ಹೊಳೆಯಿತು: ಕೂಳೂರು! ಬೇಸಿಗೆಯಲ್ಲಿ ಹೊಳೆಗೆ ಸಮುದ್ರ ಏರಿ ಅಲ್ಲಿಯ ಬಾವಿಗಳೆಲ್ಲ ಉಪ್ಪು. ಆ ಕಡೆಯಿಂದ ಬರುವ ಮೀನಿನ ಹೆಂಗಸು ಸಾಬೂನಿಗೆ ನೊರೆಯೇ ಬರುವುದಿಲ್ಲ ಎಂದು ದಿನವೂ ಗೊಣಗುತ್ತಿದ್ದಳಲ್ಲ?

ಚೀಲದಲ್ಲಿ ಸಾಬೂನು ತುಂಬಿಕೊಂಡು ಅಲ್ಲಿಗೆ ಹೋದೆ. ಹೊಳೆಯ ಸೇತುವೆಯ ಹತ್ತಿರದ ಮೊದಲ ಮನೆಯಲ್ಲೇ ಕಮಲಕ್ಕ (ಹೆಸರು ಆಮೇಲೆ ತಿಳಿಯಿತು) ಬಟ್ಟೆ ಒಗೆಯುತ್ತಿದ್ದರು. ನೀರು ಕೇಳಿದೆ.

“ಕುಡಿಲಿಕ್ಕಾ? ಇದು ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ.”

“ಅಲ್ಲ, ಸಾಬೂನು...” ಚೀಲದಿಂದ ಒಂದು ತುಂಡು ತೆಗೆದು ತೋರಿಸಿದೆ.

“ಎಂತ ಸಾಬೂನು! ಪೇಟೆಯದ್ದೇ ಇಲ್ಲಿ ಸೋತು ಹೋಗಿ ಉಂಟು. ನಿಮ್ಮದಕ್ಕೆ ಎಂತ, ಮಂತ್ರ ಹಾಕಿದ್ದಾ?”

ಅವರ ಕೈಯಲ್ಲಿದ್ದ ಅಂಗಿಯನ್ನೇ ತೆಗೆದುಕೊಂಡು ನನ್ನ ಸಾಬೂನು ತಿಕ್ಕಿದೆ. ಕಾಲರಿನಿಂದ ಎದ್ದ ನೊರೆ ನನ್ನ ಬಳೆಗಳನ್ನೇ ಮುಚ್ಚಿತು.

ಕಮಲಕ್ಕ ಬೇಲಿಯ ಕಡೆ ತಿರುಗಿ ಕೂಗಿದರು: “ಏ ಗಿರಿಜಾ, ಬಾ ಮಾರಾಯ್ತಿ! ನೊರೆ ನೋಡು, ನೊರೆ!”

ಮಧ್ಯಾಹ್ನದೊಳಗೆ ನನ್ನ ಚೀಲ ಖಾಲಿ. ಮುಂದೆ ಕೂಳೂರಿನ ಅಂಗಡಿಯವರೇ ಮನೆ ಹುಡುಕಿಕೊಂಡು ಬಂದರು. ಮಳೆ ಬಿದ್ದು ಬಾವಿಗಳು ಸಿಹಿಯಾದರೂ ಕೇಳುವವರು ಕಡಿಮೆಯಾಗಲಿಲ್ಲ. ಜೂನಿನಲ್ಲಿ ನಿಮ್ಮ ಅಮ್ಮ ಎಂಟನೇ ಕ್ಲಾಸಿಗೆ ಹೋದಳು, ಅದೇ ಸಾಬೂನಿನಲ್ಲಿ ಒಗೆದ ಬಿಳಿ ಯೂನಿಫಾರ್ಮಿನಲ್ಲಿ.

“ಅಜ್ಜಿ, ನಿಮ್ಮ ನಾಚಿಕೆ ಹೇಗೆ ಹೋಯಿತು?” ಎಂದು ಮೊನ್ನೆ ಕೇಳಿದಿರಲ್ಲ?

ಹೋಗಲಿಲ್ಲ. ಮಾಡಿ ತೋರಿಸುವುದಕ್ಕೆ ಬಾಯಿ ಯಾಕೆ ಬೇಕು?